ಬಾವಿಗೆ ಗ್ರಿಲ್, ಜಗಲಿಗೆ ತಡಮೆ, ನಡುವೆ ಒಂದು ಕೊಕ್ಕೆ

ನಮ್ಮ ಬಾವಿಯ ಗ್ರಿಲ್ಲನ್ನು ನಾನು ಎರಡು ಸಲ ಮಾಡಿಸಿದೆ. ಮೊದಲ ಸಲ ಮಗಳನ್ನು ಮನಸ್ಸಿನಲ್ಲಿಟ್ಟು ಮಾಡಿಸಿದೆ, ಎರಡನೇ ಸಲ ಅಮ್ಮನನ್ನು. ಈಗ ಬಾವಿಯ ಮೇಲೆ ಇರುವುದು ಅಮ್ಮನ ಗ್ರಿಲ್.

ಮನೆ ಕಾಸರಗೋಡು ಜಿಲ್ಲೆಯ ನೀರ್ಚಾಲಿನಿಂದ ಸ್ವಲ್ಪ ಒಳಗೆ, ಗುಡ್ಡದ ಇಳಿಜಾರಿನಲ್ಲಿ. ಜಗಲಿಯಿಂದ ಅಂಗಳಕ್ಕೆ ಐದು ಮೆಟ್ಟಿಲು. ಅಂಗಳದ ಎಡಕ್ಕೆ ಬಾವಿ, ಅದರಾಚೆ ಬಚ್ಚಲುಕೊಟ್ಟಿಗೆ, ಕೆಳಗೆ ಅಡಿಕೆ ತೋಟ. ಬಾವಿ ಅಜ್ಜನ ಕಾಲದ್ದು, ಮುರಕಲ್ಲಿನಲ್ಲಿ ಕಡಿದದ್ದು. ಒಳಗಿನ ಅಗಲ 6 ಅಡಿ. ಕಟ್ಟೆಯ ಎತ್ತರ ಎರಡೂವರೆ ಅಡಿ, ದಪ್ಪ ಮುಕ್ಕಾಲು ಅಡಿ. ಏಪ್ರಿಲಿನಲ್ಲಿ ಬಗ್ಗಿ ನೋಡಿದರೆ ನೀರು 30 ಅಡಿ ಕೆಳಗೆ ಕಪ್ಪಗೆ ಕಾಣುತ್ತದೆ. ಜುಲೈಯಲ್ಲಿ ಅದೇ ನೀರಿಗೆ ಕೊಡಪಾನವನ್ನು ಕೈಯಲ್ಲೇ ಅದ್ದಬಹುದು. ನಮ್ಮ ಕಡೆ ಎಲ್ಲರ ಬಾವಿಯೂ ಹೀಗೆಯೇ. ನಾವೆಲ್ಲ ಇಂಥ ಬಾವಿಯ ಸುತ್ತ ಆಡಿಯೇ ದೊಡ್ಡವರಾದದ್ದು ಅಂತ ಹೇಳುವವರೂ ಇದ್ದಾರೆ. ದೊಡ್ಡವರಾಗದೇ ಹೋದವರು ಬಂದು ಹೇಳುವುದಿಲ್ಲವಲ್ಲ.

ಕೂಸು ಹನ್ನೊಂದನೇ ತಿಂಗಳಿಗೆ ನಡೆಯಲು ಶುರು ಮಾಡಿತು. ಹದಿನಾಲ್ಕಕ್ಕೆ ಹತ್ತುವುದು ಕಲಿತಿತು. ಆಗ ಫೆಬ್ರವರಿ. ಜೂನ್ ಮೊದಲ ವಾರ ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಸಬೇಕು ಅಂತ ಲೆಕ್ಕ ಹಾಕಿದೆ.

ಮೊದಲ ಗ್ರಿಲ್

ವೆಲ್ಡರ್ ಬಂದು ಅಳತೆ ತೆಗೆದರು. ಕಟ್ಟೆಯ ಮೇಲೆ ಸುತ್ತಲೂ 3 ಇಂಚು ಕೂರಬೇಕು, ಹಾಗಾಗಿ ಗ್ರಿಲ್ಲಿನ ಅಗಲ ಆರೂವರೆ ಅಡಿ. ನಡುವೆ ಅಡ್ಡಕ್ಕೆ ಒಂದು ಚೌಕ ಪೈಪು, ಅದಕ್ಕೆ ಬಿಜಾಗ್ರಿ ಹಾಕಿ ಎರಡು ಅರ್ಧಚಂದ್ರ. ಎರಡೂ ಎತ್ತಿ ತೆಗೆಯುವ ಹಾಗೆ. ಇಷ್ಟಕ್ಕೆ ಇಬ್ಬರೂ ಒಪ್ಪಿದೆವು. ಜಗಳ ಬಂದದ್ದು ಸರಳುಗಳ ನಡುವಿನ ಸಂದಿಗೆ.

ಎಲ್ಲರೂ 6 ಇಂಚು ಬಿಡುತ್ತಾರೆ ಎಂದರು ಅವರು. 6 ಇಂಚಿನಲ್ಲಿ ಕಬ್ಬಿಣ ಉಳಿಯುತ್ತದೆ, ನಿಜ. ಆದರೆ ಸಣ್ಣ ಮಗುವಿನ ಮೈಯಲ್ಲಿ ಎಲ್ಲಕ್ಕಿಂತ ಅಗಲ ಇರುವುದು ತಲೆ. ಕಾಲು ಇಳಿದರೆ ಸೊಂಟ ಇಳಿಯುತ್ತದೆ, ಎದೆ ಇಳಿಯುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಮಗು ಕುತ್ತಿಗೆಯಲ್ಲಿ ನೇತಾಡುತ್ತದೆ. ಆಟದ ಮೈದಾನದ ಸಾಮಾನು ಮಾಡುವವರು ಸುಮಾರು 9 ಸೆಂಟಿಮೀಟರಿನಿಂದ 23 ಸೆಂಟಿಮೀಟರಿನವರೆಗಿನ ಸಂದನ್ನು ಅಪಾಯದ ಸಂದು ಅಂತಲೇ ಲೆಕ್ಕ ಹಿಡಿಯುತ್ತಾರೆ. ಅದಕ್ಕಿಂತ ಕಿರಿದಾಗಿದ್ದರೆ ಮೈಯೇ ತೂರುವುದಿಲ್ಲ. 6 ಇಂಚು ಅಂದರೆ 15 ಸೆಂಟಿಮೀಟರ್, ಸರಿಯಾಗಿ ಕೆಟ್ಟ ಜಾಗದ ನಡುವೆ. ನಾನು ಸರಳಿನ ನಡುವಿನಿಂದ ನಡುವಿಗೆ 10 ಸೆಂಟಿಮೀಟರ್ ಇಡಿಸಿದೆ. 12 ಎಂಎಂ ಸರಳು ಕಳೆದರೆ ಉಳಿಯುವ ಸಂದು 9ಕ್ಕಿಂತ ಸ್ವಲ್ಪ ಕಡಿಮೆ.

ತೂಕದ ಲೆಕ್ಕ ಮೊದಲೇ ಹಾಕಬೇಕಿತ್ತು. ದುಂಡು ಸರಳಿಗೆ ಸುಲಭದ ಲೆಕ್ಕವೊಂದಿದೆ: ಎಂಎಂನಲ್ಲಿ ದಪ್ಪವನ್ನು ದಪ್ಪದಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 12 ಎಂಎಂ ಸರಳಿಗೆ 0.89 ಕಿಲೋ. ಒಂದು ಹೋಳಿಗೆ ಅಡ್ಡ ಉದ್ದ ಎಲ್ಲ ಸೇರಿ 24 ಮೀಟರ್ ಸರಳು, ಅಂದರೆ 21 ಕಿಲೋ. ಸುತ್ತಿನ 35 ಎಂಎಂ ಆಂಗಲ್ಲು 13 ಕಿಲೋ. ಒಟ್ಟು 34. ಇಂಥದ್ದು ಎರಡು. ಈ ಲೆಕ್ಕವನ್ನು ನಾನು ಹಾಕಿದ್ದು ಗ್ರಿಲ್ ಪಿಕಪ್ಪಿನಲ್ಲಿ ಬಂದು ಅಂಗಳದಲ್ಲಿ ಇಳಿದ ಮೇಲೆ, ನಾಲ್ಕು ಜನ ಸೇರಿ ಹೊತ್ತು ಕೂರಿಸಿದ ಮೇಲೆ.

ಒಂದು ಬದಿ ಬಿಜಾಗ್ರಿಯಲ್ಲಿ ಇರುವುದರಿಂದ ಎತ್ತುವವರ ಕೈಗೆ ಪೂರ್ತಿ 34 ಬೀಳುವುದಿಲ್ಲ. ಅಂಚಿನಲ್ಲಿ ಹಿಡಿದರೆ 14–15 ಕಿಲೋ. ನನಗೆ ಅದು ಏನೂ ಅನ್ನಿಸಲಿಲ್ಲ. ನಾಲ್ಕು ಸಲ ಎತ್ತಿ ಹಾಕಿ ತೋರಿಸಿದೆ. ನನ್ನ ಹೆಂಡತಿ ಒಂದು ಸಲ ಎತ್ತಿದಳು. ಅಮ್ಮ ನೋಡುತ್ತಾ ನಿಂತಿದ್ದರು, ಏನೂ ಹೇಳಲಿಲ್ಲ.

ಒಂದು ವಾರ ಕಳೆದು ಬೆಳಿಗ್ಗೆ ಹಲ್ಲುಜ್ಜಲು ಬಂದವನು ನೋಡುತ್ತೇನೆ, ಅಂಗಳದ ಕಡೆಯ ಹೋಳು ನೆಟ್ಟಗೆ ನಿಂತಿದೆ. ರಾಟೆಯ ಕಂಬಕ್ಕೆ ತೆಂಗಿನ ನಾರಿನ ಹಗ್ಗದಲ್ಲಿ ಮೂರು ಸುತ್ತು ಸುತ್ತಿ ಗಂಟು ಹಾಕಿದ್ದಾರೆ. ಸುಮ್ನೆ ಸಿಕ್ಕಿಸಿದ ಗಂಟಲ್ಲ. ರಾತ್ರಿಯ ಮಂಜಿಗೆ ನಾರು ಬಿಗಿದು ಗಂಟು ಕಲ್ಲಾಗಿತ್ತು. ಬಿಚ್ಚಲು ಉಗುರು ಸಾಲದೆ ಕತ್ತಿ ತಂದೆ. ಕೂಸು ಅಷ್ಟರಲ್ಲಿ ಎದ್ದು ಮೆಟ್ಟಿಲ ತುದಿಗೆ ಬಂದು ನಿಂತಿತ್ತು.

"ಇದರ ನೆಗ್ಗಲೆ ಎನಗೆ ಎಡಿತ್ತಿಲ್ಲೆ" ಎಂದರು ಅಮ್ಮ, ಇದನ್ನು ಎತ್ತಲು ನನ್ನಿಂದ ಆಗುವುದಿಲ್ಲ ಅಂತ. ಅವರಿಗೆ 68 ವರ್ಷ, ಎರಡೂ ಮೊಣಕಾಲು ನೋವು. ಪಂಪು ಇದೆ, ನಳ್ಳಿ ಇದೆ. ಆದರೂ ದೇವರ ಪೂಜೆಗೆ ಬೆಳಿಗ್ಗೆ ಒಂದು ಕೊಡಪಾನ ನೀರನ್ನು ಅವರು ಕೈಯಲ್ಲೇ ಸೇದಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಎಲ್ಲ ನೀರೂ ಸೇದಿಯೇ ಆಗಬೇಕು. ಹೀಗೆ ಸೇದುವಾಗಲೆಲ್ಲ ಆ ಕಬ್ಬಿಣವನ್ನು ಎತ್ತುವ ಬದಲು ಒಂದು ಸಲ ಎತ್ತಿ ಕಟ್ಟಿಬಿಟ್ಟರು. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಕೋಪ ಬಂತು, ಸುಳ್ಳು ಹೇಳುವುದಿಲ್ಲ. ಕಬ್ಬಿಣಕ್ಕೇ 5,000 ರೂಪಾಯಿ ದಾಟಿತ್ತು. ಹಾಗಂತ ಹಗ್ಗ ಕತ್ತರಿಸಿ ಬುದ್ಧಿ ಹೇಳಿದರೆ ನಾಳೆ ಇನ್ನೊಂದು ಹಗ್ಗ ಬರುತ್ತದೆ. ಗ್ರಿಲ್ ತೆರೆದಿಟ್ಟರೆ ಅದು ಇಲ್ಲದ್ದಕ್ಕಿಂತ ಕೆಟ್ಟದ್ದು, ಯಾಕೆಂದರೆ ಮನೆಯವರೆಲ್ಲ ಬಾವಿ ಮುಚ್ಚಿದೆ ಅಂತ ನಂಬಿರುತ್ತಾರೆ. ಒಂದು ವಾರ ನಾನೂ ಹಾಗೆಯೇ ನಂಬಿ ತೋಟದಲ್ಲಿದ್ದೆ.

ಎರಡನೆಯದ್ದು

ವೆಲ್ಡರನ್ನು ಮತ್ತೆ ಕರೆದೆ. ಎರಡೂ ಹೋಳುಗಳನ್ನು ನಟ್ಟುಬೋಲ್ಟು ಹಾಕಿ ಕಾಯಂ ಕೂರಿಸಿದೆವು. ಕಟ್ಟೆಯ ಮುರಕಲ್ಲಿಗೆ ನೇರ ಬೋಲ್ಟು ಹೊಡೆದರೆ ಕಲ್ಲು ಪುಡಿಯಾಗಿ ಸಡಿಲವಾಗುತ್ತದೆ. ಹಾಗಾಗಿ ಆರು ಕಡೆ ಗುಂಡಿ ಕೊರೆದು ಕಾಂಕ್ರೀಟಿನಲ್ಲಿ ಬೋಲ್ಟು ಹೂತು, ಒಂದು ವಾರ ನೀರು ಹಾಕಿ, ಆಮೇಲೆ ಗ್ರಿಲ್ ಇಳಿಸಿದ್ದು. ವೆಲ್ಡ್ ಮಾಡಿಬಿಡಿ ಅಂತ ಒಬ್ಬರು ಹೇಳಿದರು. ಬೇಸಿಗೆಯಲ್ಲಿ ಬಾವಿಯ ಕೆಸರು ತೆಗೆಯಲು ಜನ ಇಳಿಯಬೇಕಲ್ಲ, ಪೂರ್ತಿ ತೆಗೆಯಲು ಬರಬೇಕು. ಸ್ಪ್ಯಾನರ್ ಹಾಕಿ ಬಿಚ್ಚುವಷ್ಟು ಕಷ್ಟ ಇದ್ದರೆ ಸಾಕು.

ನೀರು ಸೇದಲು ಅಂಗಳದ ಕಡೆಯ ಹೋಳಿನಲ್ಲಿ ಒಂದು ಕಿಂಡಿ ಕತ್ತರಿಸಿದೆವು, 18 ಇಂಚು ಚೌಕ. ನಮ್ಮ ಕೊಡಪಾನದ ಹೊಟ್ಟೆ 12 ಇಂಚು, ಆಚೀಚೆ ತಾಗದೆ ಬರುತ್ತದೆ. ಕಿಂಡಿಯ ಮುಚ್ಚಳಕ್ಕೆ 25 ಎಂಎಂ ಆಂಗಲ್ಲು, 8 ಎಂಎಂ ಸರಳು. ತೂಗಿದರೆ ಮೂರೂವರೆ ಕಿಲೋ. ಅಂಚಿನಲ್ಲಿ ಎತ್ತಿದರೆ ಕೈಗೆ ಎರಡು ಕಿಲೋ ಕೂಡ ಬೀಳುವುದಿಲ್ಲ. ಬಿಜಾಗ್ರಿ ಬಾವಿಯ ನಡುವಿನ ಕಡೆಗೆ, ಅಂದರೆ ಮುಚ್ಚಳ ಸೇದುವವರಿಂದ ಆಚೆಗೆ ತೆರೆಯುತ್ತದೆ.

ಒಂದು ಸಣ್ಣ ಕಬ್ಬಿಣದ ತುಂಡನ್ನು ಬಿಜಾಗ್ರಿಯ ಹಿಂದೆ ಅಡ್ಡ ಬೆಸೆದೆವು. ಮುಚ್ಚಳ ನೆಟ್ಟಗೆ ನಿಲ್ಲುವ ಮೊದಲೇ, ಸುಮಾರು 80 ಡಿಗ್ರಿಯಲ್ಲಿ, ಅದಕ್ಕೆ ತಾಗಿ ನಿಲ್ಲುತ್ತದೆ. ಹಿಂದಕ್ಕೆ ವಾಲಿ ತೆರೆದೇ ಕೂರುವುದು ಸಾಧ್ಯವಿಲ್ಲ. ಕೈಬಿಟ್ಟರೆ ತಾನಾಗಿ ಬೀಳುತ್ತದೆ. ಧಡ್ ಅಂತ ಬಿದ್ದರೆ ಬೆರಳು ಜಜ್ಜುತ್ತದಲ್ಲ, ಅದಕ್ಕೆ ಹಳೇ ಸೈಕಲ್ ಟಯರನ್ನು ಪಟ್ಟಿ ಕತ್ತರಿಸಿ ನಾಲ್ಕು ಮೂಲೆಗೂ ಮೂರು ಮೂರು ಪದರ ಹಾಕಿ ಬಿಗಿದೆ. ಮುಚ್ಚಿದಾಗ ಮುಚ್ಚಳಕ್ಕೂ ಚೌಕಟ್ಟಿಗೂ ನಡುವೆ ಅರ್ಧ ಇಂಚು ಉಳಿಯುತ್ತದೆ. ನನ್ನದೇ ಬೆರಳಿಟ್ಟು ನೋಡಿದೆ. ತಾಗುತ್ತದೆ, ಜಜ್ಜುವುದಿಲ್ಲ.

ಇಲ್ಲೊಂದು ತೊಡಕು. ನೀರು ಸೇದುವಾಗ ಎರಡೂ ಕೈ ಹಗ್ಗದಲ್ಲಿ ಇರುತ್ತದೆ. ಅಷ್ಟು ಹೊತ್ತು ಮುಚ್ಚಳ ತೆರೆದಿರಬೇಕು. ತೆರೆದಿಡಲು ಸರಪಳಿ ಕೊಟ್ಟರೆ ಅದು ಮತ್ತೆ ನಾರಿನ ಹಗ್ಗದ ಕಥೆಯೇ. ಸಿಕ್ಕಿಸಿದ್ದು ಸಿಕ್ಕಿಸಿದಲ್ಲೇ ಇರುತ್ತದೆ.

ಎರಡು ದಿನ ಅಮ್ಮ ನೀರು ಸೇದುವುದನ್ನೇ ನೋಡುತ್ತಾ ಕೂತೆ. ಕೊಡಪಾನ ಕಟ್ಟೆಗೆ ಬಂದ ಕೂಡಲೇ ಅವರು ಮಾಡುವ ಕೆಲಸ ಒಂದೇ. ಹಗ್ಗವನ್ನು ಸುರುಳಿ ಸುತ್ತಿ ರಾಟೆಯ ಕಂಬದ ಕೊಕ್ಕೆಗೆ ಹಾಕುತ್ತಾರೆ. ಯಾವತ್ತೂ ತಪ್ಪಿಸುವುದಿಲ್ಲ. ಹಗ್ಗ ನೆಲ ಮುಟ್ಟಿದರೆ ಮಡಿಗೆ ಆಗುವುದಿಲ್ಲ, ಕೆಸರು ಬಾವಿಗೆ ಹೋಗುತ್ತದೆ. ಐವತ್ತು ವರ್ಷದ ಅಭ್ಯಾಸ. ಗ್ರಿಲ್ ಮುಚ್ಚಿ ಅಂತ ನಾನು ನೂರು ಸಲ ಹೇಳಿದರೂ ಆಗದ್ದನ್ನು ಈ ಅಭ್ಯಾಸದ ಬೆನ್ನಿಗೆ ಕಟ್ಟಿದರೆ ಹೇಗೆ ಅನ್ನಿಸಿತು.

ಕೊಕ್ಕೆ ಒಂದೇ ಇಟ್ಟೆ. ಮುಚ್ಚಳದ ಅಂಚಿನಿಂದ ಒಂದು ಸರಪಳಿ, ಅದರ ತುದಿಗೆ 8 ಎಂಎಂ ಸರಳಿನ ಬಳೆ. ಸೇದುವ ಹಗ್ಗದ ತುದಿಗೂ ಅಂಥದ್ದೇ ಬಳೆ. ಹಗ್ಗದ ಸುರುಳಿಯನ್ನು ಆ ಬಳೆಯಿಂದಲೇ ನೇತುಹಾಕಬೇಕು. ನೀರು ಬೇಕಾದಾಗ ಕೊಕ್ಕೆಯಿಂದ ಹಗ್ಗದ ಬಳೆ ತೆಗೆದು, ಅದೇ ಕೊಕ್ಕೆಗೆ ಮುಚ್ಚಳದ ಬಳೆ ಸಿಕ್ಕಿಸುವುದು. ಸೇದಿ ಆಯಿತು, ಹಗ್ಗ ನೇತುಹಾಕಬೇಕು. ಕೊಕ್ಕೆ ಖಾಲಿ ಇಲ್ಲ. ಮುಚ್ಚಳದ ಬಳೆ ತೆಗೆದರೆ ಮುಚ್ಚಳ ತಾನಾಗಿ ಬೀಳುತ್ತದೆ.

ಮೊದಲ ದಿನವೇ ಅಮ್ಮ ಎರಡೂ ಬಳೆಗಳನ್ನು ಒಂದರ ಮೇಲೊಂದು ಸಿಕ್ಕಿಸಿಬಿಟ್ಟರು. ತಪ್ಪು ನನ್ನದು, ಕೊಕ್ಕೆಯ ಬಾಯಿ ಅಗಲವಾಗಿತ್ತು. ವೆಲ್ಡರು ಬಾಯಿಯೊಳಗೆ ಎರಡು ಚುಕ್ಕೆ ವೆಲ್ಡ್ ಬಿಟ್ಟು ಅದನ್ನು 10 ಎಂಎಂಗೆ ಕಿರಿದು ಮಾಡಿ, ಆಳವನ್ನೂ ಅಷ್ಟಕ್ಕೇ ತಂದರು. ಈಗ ಒಂದು ಬಳೆ ಕೂತರೆ ಎರಡನೆಯದ್ದು ಜಾರಿ ಬೀಳುತ್ತದೆ. ಕೊಕ್ಕೆ ಇರುವುದು ಐದಡಿ ಎತ್ತರದಲ್ಲಿ. ಇಷ್ಟು ಸಣ್ಣ ಕೆಲಸಕ್ಕೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ, ಚಹಾ ಕುಡಿದು ಹೋದರು.

ಬಣ್ಣದ ವಿಷಯ. ಮೊದಲು ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎರಡು ಕೈ ಎನಾಮಲ್. ಅಟ್ಟದಲ್ಲಿ ಅಪ್ಪನ ಕಾಲದ ಅರ್ಧ ಡಬ್ಬಿ ಹಸಿರು ಬಣ್ಣ ಇತ್ತು, ಹಾಳು ಮಾಡುವುದೇಕೆ ಅಂತ ಅಮ್ಮ ಹೇಳಿದರು. ಬೇಡ ಎಂದೆ. ಹಳೇ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗಕ್ಕಿಂತ ಜಾಸ್ತಿ ಇರಬಾರದು ಅಂತ ನಮ್ಮಲ್ಲಿ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಕೂಸಿಗೆ ಆಗ ಹಲ್ಲು ಬರುವ ಹೊತ್ತು, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿತ್ತು.

ಕಟ್ಟೆಗೆ ತಾಗಿಕೊಂಡು ಬಟ್ಟೆ ಒಗೆಯುವ ಕಲ್ಲು ಇತ್ತು, ಒಂದೂವರೆ ಅಡಿ ಎತ್ತರ. ಅದರ ಮೇಲೆ ನಿಂತವರಿಗೆ ಎರಡೂವರೆ ಅಡಿಯ ಕಟ್ಟೆ ಒಂದಡಿಯದ್ದಾಗುತ್ತದೆ. ಗ್ರಿಲ್ಲಿಗೆ ಅಷ್ಟು ಖರ್ಚು ಮಾಡಿದವನಿಗೆ ಈ ಕಲ್ಲು ಕಂಡದ್ದು ಕೊನೆಗೆ. ಮೂವರು ಸೇರಿ ಹಾರೆಯಲ್ಲಿ ಮೀಟಿ, ಅಡಿಗೆ ಅಡಿಕೆ ಮರದ ತುಂಡು ಕೊಟ್ಟು ಉರುಳಿಸಿ, ಏಳಡಿ ಆಚೆ ಸರಿಸಿದೆವು. ಖರ್ಚು ಒಂದು ಗಂಟೆ ಬೆವರು.

ಜಗಲಿಯ ತಡಮೆ

ಮೆಟ್ಟಿಲಿಗೆ ಪೇಟೆಯಲ್ಲಿ ರೆಡಿಮೇಡ್ ಗೇಟು ಸಿಗುತ್ತದೆ. ನಮ್ಮ ಜಗಲಿಯ ಕಂಬಗಳ ನಡುವೆ ನಾಲ್ಕು ಅಡಿ ಅಂತರ, ಕಂಬ ದುಂಡು, ಅದು ಕೂರುವುದಿಲ್ಲ. ಅಡಿಕೆ ಮರದ ಸಲಾಕೆ ಬೇಕಾದಷ್ಟಿತ್ತು. ನಾನೇ ಮಾಡಿದೆ.

ತಡಮೆ ಅಂದರೆ ನಮ್ಮ ಕಣ್ಣಿಗೆ ಬರುವುದು ತೋಟದ ಬೇಲಿಯದ್ದು. ಎರಡು ಕಂಬ, ನಡುವೆ ಅಡ್ಡಕ್ಕೆ ಗಳ. ನಾನು ಹಾಗೆಯೇ ಐದು ಸಲಾಕೆಯನ್ನು ಅಡ್ಡಕ್ಕೆ ಹೊಡೆದು ಗೇಟು ಮಾಡಿದೆ. ಚೆಂದವೂ ಇತ್ತು. ಮೂರನೇ ದಿನ ಕೂಸು ಅದರ ಮೂರನೇ ಸಲಾಕೆಯ ಮೇಲೆ ನಿಂತು, ಹೊಟ್ಟೆಯನ್ನು ಮೇಲಿನದ್ದಕ್ಕೆ ಒತ್ತಿ, ಅಂಗಳದ ನಾಯಿಯನ್ನು ಕರೆಯುತ್ತಿತ್ತು. ನಾನು ಮಾಡಿದ್ದು ಏಣಿ. ಮೆಟ್ಟಿಲ ಎತ್ತರಕ್ಕೆ ಇನ್ನೂ ಎರಡೂವರೆ ಅಡಿ ಸೇರಿಸಿ ಬೀಳುವ ವ್ಯವಸ್ಥೆ.

ಎಲ್ಲ ಕಿತ್ತು ಸಲಾಕೆಗಳನ್ನು ನೆಟ್ಟಗೆ ಹೊಡೆದೆ. ಅಡ್ಡಪಟ್ಟಿ ಎರಡೇ, ತೀರಾ ಮೇಲೊಂದು, ತೀರಾ ಕೆಳಗೊಂದು. ನಡುವೆ ಕಾಲಿಡಲು ಏನೂ ಇಲ್ಲ. ಸಲಾಕೆಗಳ ನಡುವೆ 6 ಸೆಂಟಿಮೀಟರ್, ನೆಲದಿಂದ 4. ಎತ್ತರ ಎರಡೂವರೆ ಅಡಿ. ಅಡಿಕೆ ಸಲಾಕೆಯ ಸಿಬಿರು ಚುಚ್ಚಿದರೆ ಒಳಗೇ ಮುರಿದು ಕೂರುತ್ತದೆ, ಗೊತ್ತಿದ್ದವರಿಗೆ ಗೊತ್ತು. ಅಂಚನ್ನೆಲ್ಲ ಉಳಿ ಹಾಕಿ ಕೆತ್ತಿ, ಉಪ್ಪುಕಾಗದ ಹಾಕಿ ಉಜ್ಜಿ, ಹೆಂಡತಿಯ ಹಳೇ ಸೀರೆಯ ತುಂಡನ್ನು ಪ್ರತಿ ಸಲಾಕೆಯ ಮೇಲೂ ಎಳೆದು ನೋಡಿದೆ. ನೂಲು ಎಲ್ಲಿ ಸಿಕ್ಕುತ್ತದೋ ಅಲ್ಲಿ ಮತ್ತೆ ಉಜ್ಜು. ಗೇಟಿನ ಪೂರ್ತಿ ಕೆಲಸಕ್ಕಿಂತ ಇದಕ್ಕೇ ಜಾಸ್ತಿ ಹೊತ್ತು ಹೋಯಿತು.

ಬಾವಿಯ ಪಾಠ ನೆನಪಿತ್ತು. ಈ ಗೇಟೂ ತಾನಾಗಿ ಮುಚ್ಚಬೇಕು. ಸ್ಪ್ರಿಂಗ್ ಹಾಕಿದರೆ ಮಳೆಗಾಲಕ್ಕೆ ತುಕ್ಕು. ಅದಕ್ಕೆ ಹಳ್ಳಿಯ ಉಪಾಯ ಇದೆ. ಎರಡು ಬಿಜಾಗ್ರಿಗಳನ್ನು ಒಂದೇ ತೂಕಗುಂಡಿನ ನೇರಕ್ಕೆ ಹಾಕಬಾರದು. ಮೊದಲು ದುಂಡು ಕಂಬಕ್ಕೆ ಒಂದು ಚಪ್ಪಟೆ ರೀಪು ಬಿಗಿದೆ. ಆಮೇಲೆ ಮೇಲಿನ ಬಿಜಾಗ್ರಿಯ ಹಿಂದೆ ಮಾತ್ರ ಅರ್ಧ ಇಂಚು ದಪ್ಪದ ಮರದ ಚೂರು ಕೊಟ್ಟೆ. ಮೇಲಿನ ಮೊಳೆ ಚಿಲಕದ ಕಡೆಗೆ ಅರ್ಧ ಇಂಚು ಮುಂದೆ ಬಂತು. ಈಗ ಗೇಟು ತೆರೆಯುತ್ತಾ ಹೋದ ಹಾಗೆ ಅದರ ತುದಿ ಚೂರೇ ಚೂರು ಮೇಲೇರುತ್ತದೆ. ಬಿಟ್ಟರೆ ತನ್ನ ತೂಕಕ್ಕೆ ಇಳಿದು ಬಂದು ಮುಚ್ಚುತ್ತದೆ. ಬಾಗಿದ ಲೆಕ್ಕಕ್ಕೆ ಗೇಟಿನ ಅಂಚನ್ನು ಸ್ವಲ್ಪ ಓರೆಯಾಗಿ ಹೆರೆಯಬೇಕಾಯಿತು, ಇಲ್ಲದಿದ್ದರೆ ಕೆಳಗೆ ಉಜ್ಜುತ್ತದೆ.

ಗೇಟು ಜಗಲಿಯ ಕಡೆಗೆ ತೆರೆಯುವ ಹಾಗೆ ಇಟ್ಟೆ. ಮೆಟ್ಟಿಲ ಕಡೆಗೆ ತೆರೆದರೆ, ಅದಕ್ಕೆ ಒರಗಿ ನಿಂತ ಮಗು ಗೇಟಿನ ಜೊತೆಗೇ ಕೆಳಗೆ ಹೋಗುತ್ತದೆ. ಚಿಲಕ ಹೊರಬದಿಯಲ್ಲಿ, ಮೇಲಕ್ಕೆ ಎತ್ತಿ ಆಮೇಲೆ ಸರಿಸುವಂಥದ್ದು. ಎರಡು ಕೆಲಸ ಒಟ್ಟಿಗೆ ಮಾಡಲು ಸಣ್ಣ ಕೈಗೆ ಬರುವುದಿಲ್ಲ. ಸದ್ಯಕ್ಕೆ.

ಬಕೆಟ್ಟು

ಇದನ್ನು ಬರೆಯಲು ಇಷ್ಟವಿಲ್ಲ, ಆದರೆ ಬರೆಯದೆ ಉಳಿದದ್ದನ್ನು ಹೇಳಿ ಪ್ರಯೋಜನವಿಲ್ಲ.

ಮೇ ಕೊನೆ. ಗ್ರಿಲ್ ಆಗಿದೆ, ಗೇಟು ಆಗಿದೆ, ನಾನು ಗೆದ್ದವನ ಹಾಗೆ ಓಡಾಡುತ್ತಿದ್ದೇನೆ. ಬಚ್ಚಲುಕೊಟ್ಟಿಗೆಯಲ್ಲಿ ಹೆಂಡತಿ ಬಟ್ಟೆ ನೆನೆಹಾಕಿದ್ದಳು. ಕೂಸು ಅವಳ ಕಾಲ ಬುಡದಲ್ಲೇ ಆಡುತ್ತಿತ್ತು. ಅವಳು ಒಂದು ಸೀರೆಯನ್ನು ಹಗ್ಗಕ್ಕೆ ಹಾಕಲು ಹೊರಗೆ ಹೋದಳು. ಎಷ್ಟು ದೂರ? ಹತ್ತು ಹೆಜ್ಜೆ. ನಾನು ಬಾವಿಯ ಹತ್ತಿರ ಟಯರಿನ ಪಟ್ಟಿ ನೋಡುತ್ತಿದ್ದೆ. ಏನೂ ಕೇಳಲಿಲ್ಲ. ಕೂಗಿಲ್ಲ, ನೀರು ಚೆಲ್ಲಿದ ಸದ್ದಿಲ್ಲ. ಹೆಂಡತಿ ತಿರುಗಿ ಬಂದಾಗ ಕಂಡದ್ದು ಬಕೆಟ್ಟಿನ ಮೇಲೆ ಎರಡು ಕಾಲು.

ಬಕೆಟ್ಟಿನಲ್ಲಿ ನೀರಿದ್ದದ್ದು ಒಂದು ಗೇಣು. ಆ ವಯಸ್ಸಿನ ಮಕ್ಕಳಿಗೆ ತಲೆಯೇ ಭಾರ. ಬಗ್ಗಿ ನೋಡಿದವು ಒಳಗೆ ಹೋದರೆ ಕೈಯೂರಿ ಎದ್ದುಬರುವ ಶಕ್ತಿ ಇರುವುದಿಲ್ಲ. ಬಕೆಟ್ಟು ಮಗುಚಿ ಬೀಳುವುದೂ ಇಲ್ಲ, ನೀರಿನ ಭಾರಕ್ಕೆ ಗಟ್ಟಿಯಾಗಿ ನಿಂತಿರುತ್ತದೆ. ಮೂಗು ಬಾಯಿ ಮುಳುಗುವಷ್ಟು ಎರಡು ಇಂಚು ನೀರಿದ್ದರೂ ಮುಳುಗಿ ಹೋಗಬಹುದು. ಮುಳುಗುವವರು ಕೈಬೀಸಿ ಕೂಗುತ್ತಾರೆ ಅಂತ ನಾವು ಸಿನಿಮಾ ನೋಡಿ ನಂಬಿದ್ದು. ಮಕ್ಕಳು ಸದ್ದಿಲ್ಲದೆ ಮುಳುಗುತ್ತವೆ.

ಎತ್ತಿದ ಕೂಡಲೇ ಕೆಮ್ಮಿ, ವಾಂತಿ ಮಾಡಿ, ಅತ್ತಿತು. ಆ ಅಳುವನ್ನು ನಾನು ಯಾವತ್ತೂ ಮರೆಯುವುದಿಲ್ಲ. ಪಕ್ಕದವರು ಓಡಿ ಬಂದು ಕಾಲು ಹಿಡಿದು ತಲೆಕೆಳಗೆ ಮಾಡಿ, ನೀರು ಇಳಿಯಲಿ ಎಂದರು. ಹಾಗೆ ಮಾಡಬಾರದು. ಹೊಟ್ಟೆ ಒತ್ತುವುದೂ ಬೇಡ. ಮಗು ಉಸಿರಾಡದೆ ಇದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಆಮೇಲೆ ಎದೆ ಒತ್ತಬೇಕು, ಇನ್ನೊಬ್ಬರು ಅಷ್ಟರಲ್ಲಿ 112ಕ್ಕೋ 108ಕ್ಕೋ ಫೋನ್ ಮಾಡಬೇಕು. ನಮಗೆ ಅಷ್ಟು ಬೇಕಾಗಲಿಲ್ಲ. ಆದರೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನೀರು ಎದೆಗೆ ಹೋಗಿದ್ದರೆ ತೊಂದರೆ ಕೆಲವು ಗಂಟೆ ಕಳೆದು ಕಾಣಿಸಬಹುದು ಅಂತ ಸಂಜೆಯವರೆಗೆ ಇರಿಸಿಕೊಂಡು ನೋಡಿ ಕಳುಹಿಸಿದರು.

30 ಅಡಿ ಬಾವಿಗೆ ನಾಲ್ಕು ತಿಂಗಳು ಕೊಟ್ಟೆ. ಬಕೆಟ್ಟಿಗೆ ನಾಲ್ಕು ನಿಮಿಷ ಕೊಟ್ಟಿರಲಿಲ್ಲ.

ಮರುದಿನ ಮಾಡಿದ ಕೆಲಸ ಇಷ್ಟೆ. ಬಚ್ಚಲುಕೊಟ್ಟಿಗೆಯ ಗೋಡೆಗೆ ನಾಲ್ಕಡಿ ಎತ್ತರದಲ್ಲಿ ಒಂದು ರೀಪು ಹೊಡೆದು ಗೂಟಗಳನ್ನು ಹಾಕಿದೆ. ಬಕೆಟ್ಟುಗಳ ಜಾಗ ಈಗ ಅದೇ, ಬಾಯಿ ಕೆಳಗೆ ಮಾಡಿ. ನೆಲದಲ್ಲಿ ಬಕೆಟ್ಟು ಇಡಲು ಜಾಗವೇ ಇಲ್ಲದ ಹಾಗೆ ಆ ಮೂಲೆಯಲ್ಲಿ ಸೌದೆ ಒಟ್ಟಿದೆ. ಬಟ್ಟೆ ನೆನೆಹಾಕುವುದು ಒಗೆಯುವ ಕಲ್ಲಿನ ಪಕ್ಕ ಕಟ್ಟಿದ ಎತ್ತರದ ತೊಟ್ಟಿಯಲ್ಲಿ, ಅದಕ್ಕೆ ಹಲಗೆಯ ಮುಚ್ಚಳ. ಬಿಸಿನೀರಿನ ಹಂಡೆಯ ಒಲೆ ಬಾಯಿಗೂ ಒಂದು ತಗಡಿನ ಅಡ್ಡ ಬಂತು. ಅಂಗಳದಲ್ಲಿ ಮಳೆನೀರು ತುಂಬುವ ಹಳೇ ಟಯರು, ಒಡೆದ ಡ್ರಮ್ಮು, ಎಮ್ಮೆಯ ಕಾಲದ ಕಲ್ಲಿನ ಮರಿಗೆ, ಎಲ್ಲ ಮಗುಚಿದೆ. ಸೊಳ್ಳೆಗೂ ಅದರಿಂದ ಕಷ್ಟವಾಯಿತು.

ಪತ್ತಾಯ

ಮೇ ಕೊನೆಗೆ ತೋಟಕ್ಕೆ ಬೋರ್ಡೋ, ಅಂದರೆ ಅಡಿಕೆಯ ಕೊಳೆರೋಗದ ಮದ್ದು, ಹೊಡೆಯುವ ತಯಾರಿ ಎಲ್ಲರ ಮನೆಯಲ್ಲೂ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತು ನೋಡಲು ಕಲ್ಲುಸಕ್ಕರೆಗೆ ನೀಲಿ ಬಣ್ಣ ಹಾಕಿದ ಹಾಗಿರುತ್ತದೆ. ಮಗುವಿನ ಕೈಗೆ ಇದಕ್ಕಿಂತ ಚೆಂದದ ವಿಷ ಬೇಕೇ? ನಮಗೆ ಸ್ವಲ್ಪ ರಬ್ಬರೂ ಇದೆ. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಫಾರ್ಮಿಕ್ ಆಸಿಡ್ ಬೇಕು. ಅದು ದೊಡ್ಡ ಕ್ಯಾನಿನಲ್ಲಿ ಇರುತ್ತದೆ, ದಿನಬಳಕೆಗೆ ಸಣ್ಣ ಬಾಟಲಿಗೆ ಹಾಕಿಡುತ್ತಾರೆ. ನಮ್ಮ ಕೊಟ್ಟಿಗೆಯಲ್ಲಿ ಅದು ಕುಡಿಯುವ ನೀರಿನ ಬಾಟಲಿಯಲ್ಲಿತ್ತು. ನೀರಿನ ಬಣ್ಣ, ನೀರಿನ ಬಾಟಲಿ. ಹಾಕಿಟ್ಟವನು ನಾನೇ.

ಅಜ್ಜನ ಕಾಲದ ಭತ್ತದ ಪತ್ತಾಯ ಚಾವಡಿಯ ಮೂಲೆಯಲ್ಲಿ ಖಾಲಿ ಬಿದ್ದಿತ್ತು. ಹಲಸಿನ ಮರದ್ದು, ಮುಚ್ಚಳ ಎತ್ತಲು ನನಗೇ ಎರಡು ಕೈ ಬೇಕು. ಅದನ್ನು ಹೊರಗಿನ ಕೊಟ್ಟಿಗೆಗೆ ಸಾಗಿಸಿ, ಕೊಂಡಿ ಹಾಕಿ ಬೀಗ ಜಡಿದೆ. ಆಸಿಡ್ಡೂ ಸುಣ್ಣವೂ ಒಟ್ಟಿಗೆ ಇರಬಾರದು, ಸೇರಿದರೆ ಬಿಸಿಯೇಳುತ್ತದೆ. ಹಾಗಾಗಿ ಸುಣ್ಣಕ್ಕೆ ಬೇರೆ ಡಬ್ಬಿ, ಬೇರೆ ಮೂಲೆ. ಸೀಮೆಎಣ್ಣೆ, ಕಳೆನಾಶಕ, ಇಲಿ ಪಾಷಾಣ ಎಲ್ಲ ಒಳಗೆ ಹೋಯಿತು. ಆಸಿಡ್ಡಿನ ಹೊಗೆಗೆ ಕೊಂಡಿ ಆರು ತಿಂಗಳಲ್ಲಿ ತುಕ್ಕು ಹಿಡಿಯಿತು, ಹಿತ್ತಾಳೆಯದ್ದು ಹಾಕಿದೆ. ಇಂಥದ್ದನ್ನು ಮಗು ಕುಡಿದರೆ ಉಪ್ಪುನೀರು ಕೊಟ್ಟು ವಾಂತಿ ಮಾಡಿಸುವ ಕ್ರಮ ನಮ್ಮಲ್ಲಿದೆ. ಆಸಿಡ್ ಬರುವಾಗಲೂ ಗಂಟಲು ಸುಡುತ್ತದೆ, ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ವಾಂತಿ ಮಾಡಿಸದೆ, ಬಾಟಲಿಯನ್ನೂ ಹಿಡಿದುಕೊಂಡು, ನೇರ ಆಸ್ಪತ್ರೆಗೆ ಓಡಬೇಕು.

ಚಿಲ್ಲರೆ ಕೆಲಸಗಳು

ಪಂಪಿನ ಕೆಲಸದಲ್ಲಿ ಉಳಿದ ಒಂದೂಕಾಲು ಇಂಚಿನ ಪಿವಿಸಿ ಪೈಪು ಇತ್ತು. ಅದರಿಂದ ಒಂದು ಗೇಣಿನ ತುಂಡು ಕತ್ತರಿಸಿ ಜಗಲಿಯಲ್ಲಿ ತೂಗುಹಾಕಿದ್ದೇನೆ. ಅದರೊಳಗೆ ತೂರುವ ಯಾವುದೂ ಮೂರು ವರ್ಷದ ಒಳಗಿನ ಮಗುವಿನ ಕೈಗೆ ಸಿಗಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸುಲಿದ ಅಡಿಕೆ ಸಲೀಸಾಗಿ ತೂರುತ್ತದೆ. ಹಲಸಿನ ಬೇಳೆ ತೂರುತ್ತದೆ. ಪುನರ್ಪುಳಿಯ ಬೀಜ ಬಿಡಿ, ರಂಬುಟಾನ್ ಬೀಜವೂ ತೂರುತ್ತದೆ. ಅಡಿಕೆ ಸುಲಿಯುವ ಕೆಲಸವನ್ನು ಜಗಲಿಯಿಂದ ಕೊಟ್ಟಿಗೆಗೆ ಸಾಗಿಸಿದೆವು. ಅಮ್ಮನಿಗೆ ಇದು ಇಷ್ಟವಾಗಲಿಲ್ಲ, ಜಗಲಿಯಲ್ಲಿ ಕೂತರೆ ಮಾರ್ಗ ಕಾಣುತ್ತದೆ. ರಿಮೋಟಿನ ಗುಂಡು ಬ್ಯಾಟರಿ ಎಲ್ಲಕ್ಕಿಂತ ಕೆಟ್ಟದ್ದು. ಗಂಟಲಲ್ಲಿ ಸಿಕ್ಕರೆ ಎರಡು ಗಂಟೆಯೊಳಗೆ ಸುಟ್ಟು ತೂತು ಮಾಡಲು ಶುರು ಮಾಡುತ್ತದೆ. ರಿಮೋಟಿನ ಮುಚ್ಚಳಕ್ಕೆ ಸ್ಕ್ರೂ ಹಾಕಿದೆ.

ಕರೆಂಟಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆ, ಕರೆಂಟು ಸೋರಿದರೆ ತಾನಾಗಿ ಲೈನು ಕಡಿಯುವ ಸ್ವಿಚ್ಚು. ಪಂಪಿನ ಲೈನಿಗೂ. ಮೊದಲ ಮಳೆಗೇ ಅದು ಮೂರು ಸಲ ಬಿದ್ದಿತು. ಕಿರಿಕಿರಿ ಅಂತ ಬೈದುಕೊಂಡು ಹುಡುಕಿದರೆ ಪಂಪುಶೆಡ್ಡಿನ ವಯರನ್ನು ಇಲಿ ಕಡಿದು ತಾಮ್ರ ಹೊರಗೆ ಕಾಣುತ್ತಿತ್ತು.

ಈಗ ಕೂಸಿಗೆ ಎರಡೂವರೆ ವರ್ಷ. ಮೆಟ್ಟಿಲ ಗೇಟಿನ ಚಿಲಕ ಎತ್ತಿ ಸರಿಸಲು ಹೋದ ತಿಂಗಳು ಕಲಿತಿತು. ಪರವಾಗಿಲ್ಲ, ಮೆಟ್ಟಿಲು ಇಳಿಯುವುದನ್ನೂ ಕಲಿತಿದೆ, ಬೆನ್ನು ಮುಂದೆ ಮಾಡಿ ಒಂದೊಂದಾಗಿ. ಬಾವಿಯ ಕೊಕ್ಕೆ ಇನ್ನೂ ಎರಡಡಿ ಮೇಲಿದೆ.

ಮೊನ್ನೆ ಆಚೆ ಮನೆಯ ಅಕ್ಕ ಬಂದಿದ್ದರು, ಅವರ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಅಮ್ಮ ಅವರನ್ನು ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಹಗ್ಗದ ಬಳೆ ತೆಗೆದು, ಮುಚ್ಚಳದ ಬಳೆ ಸಿಕ್ಕಿಸಿ, ಸೇದಿ, ಮತ್ತೆ ಬದಲಿಸಿ ತೋರಿಸುತ್ತಿದ್ದರು. ಮುಚ್ಚಳ ಬಿತ್ತು. ಇವ ಮೊದಲು ಮಾಡಿದ್ದು ಆನೆಗೂ ಎತ್ತಲಾಗದ್ದು, ಆಮೇಲೆ ನಾನು ಹೇಳಿ ಹೀಗೆ ಮಾಡಿಸಿದೆ, ಎಂದರು. ನಾನು ಜಗಲಿಯಲ್ಲಿ ಕೂತು ಕೇಳಿಸದವನ ಹಾಗಿದ್ದೆ. ಆದರೆ ಮುಚ್ಚಳ ಬಿದ್ದ ಸದ್ದಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗಿದ್ದು ಕೇಳಿತು. ಎಡ ಮೂಲೆಯ ಟಯರು ಪಟ್ಟಿ ಸವೆದಿರಬೇಕು. ಬದಿಯಡ್ಕದ ಸೈಕಲ್ ಅಂಗಡಿಯವರಲ್ಲಿ ಹಳೇ ಟಯರು ಎತ್ತಿಡಲು ಹೇಳಿದ್ದೇನೆ.